ಅಬುಧಾಬಿಯಲ್ಲಿ ನಾನು ನೋಡದ ಹಾಳೆ

ಅಣ್ಣ ನನಗೆ ಹೇಳಿ ಕಳಿಸಿದ್ದು ಒಂದೇ ಕೆಲಸ. ಅಬುಧಾಬಿಗೆ ಹೋಗಿ ಒಂದು ಹಾಳೆಯನ್ನು ನೋಡಿ ಬರಬೇಕು. ಓದಬೇಕಾಗಿರಲಿಲ್ಲ, ತರಬೇಕಾಗಿರಲಿಲ್ಲ, ಮುಟ್ಟಬೇಕಾಗಿಯೂ ಇರಲಿಲ್ಲ. ಬರೀ ನೋಡಬೇಕಿತ್ತು. ನಾನು ಅದರ ಎದುರಿಗೆ ಕಾಲು ನೋಯುವಷ್ಟು ಹೊತ್ತು ನಿಂತೆ, ನೋಡಲಿಲ್ಲ. ನೋಡಿದೆ ಎಂದು ಅವನಿಗೆ ಹೇಳಿದೆ.

ಪರದೇಶಕ್ಕೆ ಹೋಗಿ ಬಂದವರು ತಾವು ಕಂಡದ್ದನ್ನು ಬರೆಯುತ್ತಾರೆ. ನಾನು ಕಾಣದೆ ಬಂದದ್ದನ್ನು ಬರೆಯುತ್ತಿದ್ದೇನೆ. ದುಬೈಯ ಎತ್ತರದ ಕಟ್ಟಡ, ಮರಳಿನ ಮೇಲೆ ಹಾರುವ ಜೀಪು, ಇವೆಲ್ಲ ಬೇಕಾದವರು ಬೇರೆಯವರನ್ನು ಕೇಳಬಹುದು. ನಮ್ಮೂರಲ್ಲಿ ಮನೆಗೊಬ್ಬರು ಅಲ್ಲಿದ್ದಾರೆ.

ನಾನು ವಾರಿಜ. ಉಡುಪಿ ಹತ್ತಿರದ ಶಂಕರಪುರದವಳು. ಮಲ್ಲಿಗೆ ಕಟ್ಟುವುದು ಕೆಲಸ. ಶಾಲೆಗೆ ಹೋದದ್ದು ಐದನೇ ಕ್ಲಾಸಿನವರೆಗೆ. ಕನ್ನಡ ಓದುತ್ತೇನೆ, ವಾರಪತ್ರಿಕೆಯನ್ನು ಕೊನೆಯ ಪುಟದ ಜಾಹೀರಾತಿನವರೆಗೂ ಬಿಡುವುದಿಲ್ಲ. ಇಂಗ್ಲಿಷ್ ಮಾತ್ರ ಬಸ್ಸಿನ ನಂಬರಿನಷ್ಟು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ನಮ್ಮ ಮಾತನ್ನು ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.

ಅಣ್ಣ ದಾಮೋದರ ಮಂಗಳೂರಿನ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ. ಕಂಪ್ಯೂಟರ್ ಬರುವ ಮೊದಲಿನ ಕಾಲ. ಸೀಸದ ಅಕ್ಷರಗಳನ್ನು ಒಂದೊಂದೇ ಹೆಕ್ಕಿ, ತಿರುಗುಮುರುಗಾಗಿ ಸಾಲಿನಲ್ಲಿ ನಿಲ್ಲಿಸಿ, ಪುಟ ಕಟ್ಟುವ ಕೆಲಸ. ಅಚ್ಚುಕೂಟ ಪ್ರೊಟೆಸ್ಟಂಟ್ ಕ್ರೈಸ್ತರದ್ದು. ಹಾಗಾಗಿ ಬೆಳಿಗ್ಗೆ ದೈವಕ್ಕೆ ಕೈಮುಗಿದು ಬಸ್ಸು ಹತ್ತಿದ ನನ್ನ ಅಣ್ಣ ಸಂಜೆಯವರೆಗೆ ಬೈಬಲ್ಲಿನ ಯೋಹಾನನ ಸುವಾರ್ತೆ ಜೋಡಿಸಿ, ಬೆರಳಿನ ಸೀಸ ತೊಳೆದು, ಮನೆಗೆ ಬಂದು ಮತ್ತೆ ದೈವಕ್ಕೆ ಕೈಮುಗಿಯುತ್ತಿದ್ದ. ತಪ್ಪು ಬಿದ್ದ ಕಡೆ ಚಿಮಟದಿಂದ ಮೊಳೆ ಕಿತ್ತು ಬೇರೆ ಕೂರಿಸಬೇಕು. ಮೊದಲ ಪ್ರೂಫಿನಲ್ಲಿ ತಪ್ಪಿಲ್ಲದ ಒಂದು ಪುಟವೂ ತನ್ನ ಕೈಯಿಂದ ಬಂದದ್ದಿಲ್ಲ ಎಂದು ಈಗಲೂ ಹೇಳುತ್ತಾನೆ. ಅರ್ಧ ನಾಚಿಕೆ, ಅರ್ಧ ಜಂಬ.

ಅಬುಧಾಬಿಯ ಒಂದು ವಸ್ತುಸಂಗ್ರಹಾಲಯಕ್ಕೆ ಅದೇ ಯೋಹಾನನ ಸುವಾರ್ತೆಯ ಒಂದು ಹಾಳೆ ಬಂದಿದೆ, ಕೆಲವು ತಿಂಗಳು ಇರುತ್ತದೆ ಎಂದು ದುಬೈಯಲ್ಲಿ ಮಗಳೊಂದಿಗಿರುವ ನನ್ನ ಅಳಿಯ ಹರೀಶ ಫೋನಿನಲ್ಲಿ ಹೇಳಿದ. ಗ್ರೀಕ್ ಭಾಷೆ. ಪಪೈರಸ್ ಎಂಬ ಜೊಂಡನ್ನು ಸೀಳಿ, ಅಡ್ಡ ಉದ್ದ ಹಾಸಿ, ಒತ್ತಿ ಮಾಡಿದ ಹಾಳೆ. ಅಚ್ಚು ಎಂಬ ವಸ್ತುವೇ ಇಲ್ಲದ ಕಾಲದಲ್ಲಿ ಯಾರೋ ಕುಳಿತು ಕೈಯಲ್ಲಿ ನಕಲು ಮಾಡಿದ್ದು. ಅಣ್ಣ ಆ ದಿನ ಊಟಕ್ಕೆ ಏಳಲಿಲ್ಲ. "ನನ್ನ ಕೆಲಸ ನನಗಿಂತ ಮೊದಲು ಮಾಡಿದವ ಇವ," ಎಂದ. "ಇವನ ಕೈ ನೋಡ್ಬೇಕು."

ಇಬ್ಬರೂ ಹೊರಡುವುದೆಂದಾಯಿತು. ಹೊರಡುವ ಮೊದಲು ಅಣ್ಣ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡ. ಆಪರೇಷನ್ ಆಗಿ ಮಂಚ ಹಿಡಿದವನು ನನ್ನನ್ನು ಕರೆದು, "ನೀನು ಹೋಗು," ಎಂದ.

"ನಾನು ಹೋಗಿ ಎಂತ ಮಾಡ್ಲಿಕ್ಕೆ ಅಣ್ಣ? ನನಗೆ ಇಂಗ್ಲಿಷೇ ಬರುದಿಲ್ಲ. ಗ್ರೀಕ್ ಎಲ್ಲಿಂದ?"

"ನನಗೆ ಬರ್ತದಾ? ಅಲ್ಲಿಯ ವಾಚ್‌ಮನ್‌ಗೆ ಬರ್ತದಾ? ಆ ಹಾಳೆ ಎದುರು ಎಲ್ಲರೂ ಒಂದೇ ಕ್ಲಾಸು ಮಾರಾಯ್ತಿ."

ನೋಡಬೇಕಾದ್ದು ಎರಡು ಎಂದ. "ಅವರು ದೇವರ ಹೆಸರು ಪೂರ್ತಿ ಬರೆಯುದಿಲ್ಲ. ಎರಡು ಅಕ್ಷರ ಬರೆದು ಮೇಲೆ ಒಂದು ಗೆರೆ ಎಳೆಯುದು. ಪ್ರೆಸ್ಸಿನಲ್ಲಿ ಪಾದ್ರಿ ಅಯ್ಯನವರು ಹೇಳ್ತಿದ್ರು. ಆ ಗೆರೆ ನೋಡು. ಮತ್ತೆ ಅವ ಎಲ್ಲಿಯಾದ್ರೂ ತಪ್ಪು ಮಾಡಿ ತಿದ್ದಿದ್ದಾನಾ, ಅದು ನೋಡು. ತಿದ್ದಿದ್ದು ಗೊತ್ತಾಗ್ಲಿಕ್ಕೆ ಭಾಷೆ ಬೇಡ."

"ಫೋನಿನಲ್ಲಿ ಫೋಟೋ ಬರ್ತದಂತಲ್ಲ?"

"ಫೋಟೋದಲ್ಲಿ ಇರುದು ಫೋಟೋ ತೆಗ್ದವ ನೋಡಿದ್ದು. ನನಗೆ ನೀನು ನೋಡಿದ್ದು ಬೇಕು."

ನನ್ನ ಕಣ್ಣಿನ ಮೇಲೆ ಇಷ್ಟು ನಂಬಿಕೆಯನ್ನು ಅದುವರೆಗೆ ಯಾರೂ ಇಟ್ಟಿರಲಿಲ್ಲ.

ವಿಮಾನ ನಿಲ್ದಾಣ

ನಾನು ಚೀಲದಲ್ಲಿ ಬಾಳೆನಾರಿನ ಒಂದು ಕಟ್ಟು ಇಟ್ಟುಕೊಂಡಿದ್ದೆ. ಮಲ್ಲಿಗೆ ಕಟ್ಟುವುದು ಅದರಲ್ಲೇ. ಕೈಗೆ ಕೆಲಸವಿಲ್ಲದೆ ಕುಳಿತು ನನಗೆ ಅಭ್ಯಾಸವಿಲ್ಲ. ಮಗಳ ಮನೆಯಲ್ಲಿ ಹೂವಲ್ಲದಿದ್ದರೆ ಕೊತ್ತಂಬರಿಯಾದರೂ ಕಟ್ಟೋಣ ಎಂದುಕೊಂಡಿದ್ದೆ.

ದುಬೈಯಲ್ಲಿ ಇಳಿದಾಗ ಒಬ್ಬ ಅಧಿಕಾರಿ ಆ ಕಟ್ಟನ್ನು ಎರಡು ಬೆರಳಲ್ಲಿ ಎತ್ತಿದ. ಮೂಸಿದ. ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. "ವಾಟ್?" ಎಂದರು. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ "ಬನಾನಾ" ಎಂದೆ. ಅವರು ಚೀಲದೊಳಗೆ ಬಾಳೆಹಣ್ಣು ಹುಡುಕತೊಡಗಿದರು.

ಬೇರೆ ದಾರಿ ಕಾಣದೆ ಅವರ ಮೇಜಿನ ಮೇಲಿದ್ದ ಪೆನ್ನುಗಳನ್ನು ತೆಗೆದು, ಒಂದು ನಾರು ಸೀಳಿ, ಮಲ್ಲಿಗೆ ಕಟ್ಟುವ ಹಾಗೆಯೇ ಒಂದರ ಪಕ್ಕ ಒಂದು ಇಟ್ಟು ಕಟ್ಟಿ ತೋರಿಸಿದೆ. ಪೆನ್ನಿನ ಮಾಲೆಯಾಯಿತು. ಇಬ್ಬರೂ ಬಾಯಿ ತೆರೆದು ನೋಡಿದರು. ಅವರಲ್ಲಿ ಹಿರಿಯನು ಅದನ್ನು ತನ್ನ ಕಂಪ್ಯೂಟರಿನ ಮೂಲೆಗೆ ತೂಗುಹಾಕಿ, ನನಗೆ ಕೈ ಮುಂದೆ ಮಾಡಿ "ಯಲ್ಲಾ, ಮಾಮಾ" ಎಂದ. ಹೊರಡು ಎಂದರ್ಥವಂತೆ. ನಾನು ಆ ದೇಶದಲ್ಲಿ ಮಾಡಿದ ಸರಿಯಾದ ಕೆಲಸ ಬಹುಶಃ ಅದೊಂದೇ.

ಅಲ್ ಕುಸೈಸ್

ಮಗಳು ಅಶ್ವಿನಿಯ ಫ್ಲ್ಯಾಟು ಇರುವುದು ಅಲ್ ಕುಸೈಸಿನಲ್ಲಿ. ವಿಮಾನದುದ್ದಕ್ಕೂ ಹಿಂದಿ ಉರು ಹೊಡೆದಿದ್ದೆ. ಕೆಳಗಿನ ಅಂಗಡಿಯವನಿಗೆ "ಭಯ್ಯಾ, ದಹಿ ಹೈ?" ಎಂದರೆ, ಅವನು ಒಳಕ್ಕೆ ತಿರುಗಿ "ಕಾಪುದ ಕಡೆಯವರು ಬಂದಿದ್ದಾರೆ, ಮೊಸರು ಕೊಡು" ಎಂದು ತುಳುವಿನಲ್ಲಿ ಕೂಗಿದ. ಕಾಪು ನಮ್ಮ ಪಕ್ಕದ ಪೇಟೆ. ಲಿಫ್ಟಿನಲ್ಲಿ ಕುಂದಾಪುರದವರು, ಎದುರು ಮನೆಯಲ್ಲಿ ಮೈಸೂರಿನವರು. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಸ್ವೆಟರು. ನಾನು ಸ್ವೆಟರು ಹಾಕಿದ್ದು ಮರಳುಗಾಡಿನಲ್ಲಿ ಎಂದರೆ ಊರಲ್ಲಿ ಈಗಲೂ ಯಾರೂ ನಂಬುವುದಿಲ್ಲ.

ಮೊಮ್ಮಗಳು ತನ್ವಿಯನ್ನು ನಾನು ತುಳುವಿನಲ್ಲಿ ಏನಾದರೂ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ನಾನು ಅದಕ್ಕೆ ಅಂದಾಜಿನ ಮೇಲೆ ತಲೆಯಾಡಿಸುತ್ತೇನೆ. ಹಾಗೆ ತಲೆಯಾಡಿಸಿ ಒಂದು ಸಲ ಬೆಕ್ಕು ಸಾಕಲು ಒಪ್ಪಿಗೆ ಕೊಟ್ಟುಬಿಟ್ಟಿದ್ದೆ.

"ಅಮ್ಮ, ಅರ್ಥ ಆಗ್ದಿದ್ರೆ ಆಗ್ಲಿಲ್ಲ ಅನ್ನು. ಯಾಕೆ ತಲೆ ಆಡಿಸೋದು?" ಎಂದು ಅಶ್ವಿನಿ ಬೈದಳು.

ಅವಳು ಹೇಳಿದ್ದು ಸರಿ. ನನ್ನ ಕಾಯಿಲೆಯೇ ಅದು. ಗೊತ್ತಿಲ್ಲ ಎನ್ನುವುದಕ್ಕಿಂತ ತಲೆಯಾಡಿಸುವುದು ನನಗೆ ಸುಲಭ.

ಅಬುಧಾಬಿ

ದುಬೈಯಿಂದ ಅಬುಧಾಬಿಗೆ ಹೋಗುವ ದಾರಿ ಎಷ್ಟು ನೇರವೆಂದರೆ, ಒಂದು ತಿರುವಾದರೂ ಬರಲಿ ದೇವರೇ ಎನಿಸುತ್ತದೆ. ನಮ್ಮೂರ ಕಡೆಯ ಶಿರ್ವದ ಬಸ್ಸಿನಲ್ಲಿ ತಿರುವು ತಿರುವಾಗಿ ಹೋಗಿ ರೂಢಿಯಾದವರಿಗೆ ಹೊಟ್ಟೆ ತೊಳೆಸುವುದಿಲ್ಲ ಎಂಬುದೇ ವಿಚಿತ್ರ. ಹರೀಶ ನಮ್ಮನ್ನು ಬಾಗಿಲಲ್ಲಿ ಇಳಿಸಿ, ಕಾರಿನಲ್ಲೇ ಆಫೀಸಿನ ಫೋನು ಹಿಡಿದು ಕುಳಿತ. ಮಧ್ಯಾಹ್ನದ ಊಟಕ್ಕೆ ಖಾಲಿದಿಯಾದಲ್ಲಿ ಅವನ ಚಿಕ್ಕಮ್ಮನ ಮನೆಗೆ ಹೋಗಬೇಕಿತ್ತು.

ಒಳಗೆ ಒಂದು ಅರೆಗತ್ತಲ ಕೋಣೆ. ನಡುವೆ ಮೇಜಿನಂಥ ಗಾಜಿನ ಪೆಟ್ಟಿಗೆ. ಅದರ ಮೇಲೆ ದಪ್ಪ ಕಪ್ಪು ಬಟ್ಟೆ ಹೊದಿಸಿದ್ದರು. ಅಶ್ವಿನಿ ಗೋಡೆಯ ಬೋರ್ಡು ಓದಿ, "ಅಮ್ಮ, ಮಾಮ ಹೇಳಿದ್ದು ಇದೇ. ಇದರೊಳಗೇ ಉಂಟು," ಎಂದಳು. ಅಷ್ಟರಲ್ಲಿ ತನ್ವಿಗೆ ಅವಸರವಾಯಿತು. "ನೀನು ನೋಡ್ತಾ ಇರು, ಇವಳನ್ನು ಬಾತ್‌ರೂಮಿಗೆ ಕರ್ಕೊಂಡು ಹೋಗಿ ಬರ್ತೇನೆ," ಎಂದು ಮಗುವಿನ ಜಾಕೆಟ್ಟನ್ನು ನನ್ನ ಕೈಗೆ ಕೊಟ್ಟು ಹೋದಳು. ಪೆಟ್ಟಿಗೆಯ ಪಕ್ಕದಲ್ಲಿ ಓರೆಯಾಗಿ ಒಂದು ಸಣ್ಣ ಹಲಗೆ ಇತ್ತು. ಜಾಕೆಟ್ಟನ್ನು ಅದರ ಮೇಲೆ ಹಾಕಿದೆ.

ಈಗ ಒಂದು ಮಾತು ಹೇಳಬೇಕು. ನಮ್ಮೂರಿನ ದೇವಿಯ ಗುಡಿಗೆ ಎಷ್ಟೋ ವರ್ಷಗಳಿಂದ ಹೂ ಕೊಡುವವಳು ನಾನು. ಅಲಂಕಾರದ ಹೊತ್ತಿಗೆ ತೆರೆ ಎಳೆದಿರುತ್ತಾರೆ. ನಾವು ಹೊರಗೆ ನಿಲ್ಲುತ್ತೇವೆ. ಒಳಗಿನಿಂದ ಭಟ್ಟರ ಕೈ ಬರುತ್ತದೆ, ಹೂ ತೆಗೆದುಕೊಂಡು ಹೋಗುತ್ತದೆ. ಮತ್ತೆ ಕಾಯುತ್ತೇವೆ. ಗಂಟೆಯಾಗುತ್ತದೆ, ತೆರೆ ಸರಿಯುತ್ತದೆ. ತೆರೆ ಸರಿಸುವ ಕೈ ಯಾವಾಗಲೂ ಒಳಗಿನದು. ಹೊರಗಿನವರು ತೆರೆಗೆ ಕೈ ಹಾಕುವುದನ್ನು ನಾನು ಕನಸಿನಲ್ಲೂ ಕಂಡವಳಲ್ಲ.

ಇಷ್ಟು ಹಳೆಯ ಧರ್ಮಗ್ರಂಥ, ಮೇಲೆ ತೆರೆ. ಅಲಂಕಾರವೋ ನೈವೇದ್ಯವೋ ನಡೆಯುತ್ತಿರಬೇಕು ಎಂದುಕೊಂಡು ಚಪ್ಪಲಿ ಬಿಟ್ಟು, ಪಕ್ಕಕ್ಕೆ ಜೋಡಿಸಿ, ಕೈಕಟ್ಟಿ ನಿಂತೆ. ನೆಲ ಐಸಿನಂತಿತ್ತು.

ಸ್ವಲ್ಪ ಹೊತ್ತಿಗೆ ಗುಜರಾತಿನ ಕಡೆಯ ಒಬ್ಬ ಅಜ್ಜ, ಅವರ ಹೆಂಡತಿ ಬಂದರು. ಅಜ್ಜ ನನ್ನನ್ನು ನೋಡಿದರು, ತೆರೆಯನ್ನು ನೋಡಿದರು, ನನ್ನ ಚಪ್ಪಲಿಯನ್ನು ನೋಡಿದರು.

"ಪರದಾ ಕಬ್ ಖುಲೇಗಾ, ಬೆಹೆನ್‌ಜೀ?"

"ಅಭೀ ಖುಲೇಗಾ," ಎಂದೆ. ಅಷ್ಟು ಖಾತ್ರಿಯಿಂದ ನಾನು ಹಿಂದಿ ಆಡಿದ್ದು ಅದೇ ಮೊದಲು.

ಅವರೂ ಚಪ್ಪಲಿ ಬಿಟ್ಟು ನನ್ನ ಹಿಂದೆ ನಿಂತರು. ಆಮೇಲೆ ಫಿಲಿಪೀನ್ಸಿನ ಹುಡುಗಿಯರು ಬಂದರು. ಕತ್ತಿನ ಶಿಲುಬೆ ಹೊರಗೆಳೆದು ಹಣೆಗೆ ಮುಟ್ಟಿಸಿ ನಿಂತರು. ಒಂದು ಮಲಯಾಳಿ ಸಂಸಾರ ಬಂತು. ಗಂಡ ಶೂ ಬಿಚ್ಚಿ, ಕಾಲುಚೀಲವನ್ನೂ ಬಿಚ್ಚಿ, ಮಡಚಿ ಶೂವಿನೊಳಗಿಟ್ಟ. ಕೊನೆಗೆ ಚಡ್ಡಿ ಹಾಕಿದ ಇಬ್ಬರು ಬಿಳಿಯರು ಯಾರನ್ನೂ ಏನೂ ಕೇಳದೆ ಸಾಲಿನ ತುದಿಗೆ ಸೇರಿಕೊಂಡರು. ಕ್ಯೂ ಕಂಡರೆ ಅವರು ನಿಲ್ಲದೆ ಹೋಗುವುದಿಲ್ಲವಂತೆ, ಹರೀಶ ಆಮೇಲೆ ಹೇಳಿದ್ದು.

ಗಂಟೆ ಬಾರಿಸಲಿಲ್ಲ. ಎಲ್ಲರೂ ನನ್ನ ಬೆನ್ನನ್ನು ನೋಡುತ್ತಿದ್ದರು. ಮುಂದೆ ನಿಂತವಳಿಗೆ ಗೊತ್ತಿರುತ್ತದೆ ಎಂಬ ಭರವಸೆ ಅವರಿಗೆ. ಮಲಯಾಳಿಯ ಹೆಂಡತಿ ಮೆಲ್ಲಗೆ, "ಚೇಚಿ, ಪ್ರಸಾದ ಉಂಟಾ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ.

ಆಗ ಕಾವಲಿನ ಹುಡುಗಿ ಬಂದಳು. ಆಫ್ರಿಕಾ ಕಡೆಯವಳು, ಬಾಗಿಲಿನಷ್ಟು ಎತ್ತರ. ಅವಳು ಮೊದಲು ನೋಡಿದ್ದು ನಮ್ಮನ್ನಲ್ಲ, ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಿದ್ದ ಪಾದರಕ್ಷೆಗಳನ್ನು. ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಅದೇ ಹೊತ್ತಿಗೆ ಅಶ್ವಿನಿ ಒಳಗೆ ಬಂದಳು.

"ಅಮ್ಮ! ಚಪ್ಪಲಿ ಎಲ್ಲಿ? ಯಾರಿವರೆಲ್ಲ?"

"ಮೆಲ್ಲ ಮಾತಾಡು. ಇನ್ನೂ ತೆರೆ ತೆಗೀಲಿಲ್ಲ," ಎಂದೆನೋ ಇಲ್ಲವೋ, ಈಗ ನೆನಪಿಲ್ಲ. ಹೇಳಿದ್ದರೆ ಅವಳಿಗೆ ಕೇಳಿಸಲಿಲ್ಲ. ತನ್ವಿ ಅಳುತ್ತಿದ್ದಳು, ಹರೀಶ ಊಟಕ್ಕೆ ತಡವಾಯಿತೆಂದು ಫೋನಿನ ಮೇಲೆ ಫೋನು ಮಾಡುತ್ತಿದ್ದ. ಅಶ್ವಿನಿ ನನ್ನ ಚಪ್ಪಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನನ್ನು ಎಳೆದಳು. ಕಾವಲಿನ ಹುಡುಗಿ ಜಾಕೆಟ್ಟನ್ನು ತೆಗೆದು ನಮಗೆ ಕೊಟ್ಟಳು. ಕೆಳಗಿನ ಹಲಗೆ ಕಾಣಿಸಿತು. ಗುಜರಾತಿ ಅಜ್ಜ ಬಗ್ಗಿ ಓದಿದರು. ಓದಿದವರು ಬಟ್ಟೆಯ ಅಂಚು ಹಿಡಿದು, ಮೊರದ ಮೇಲಿನ ಬಟ್ಟೆ ಎತ್ತುವಷ್ಟು ಸಲೀಸಾಗಿ ಎತ್ತಿದರು.

ಬೆಳಕಿಗೆ ಶಾಯಿ ಮಾಸುತ್ತದೆಂದು ಮುಚ್ಚಿಡುತ್ತಾರಂತೆ. ಬಂದವರು ತಾವೇ ಎತ್ತಿ ನೋಡಿ, ಮತ್ತೆ ಮುಚ್ಚಿ ಹೋಗಬೇಕಂತೆ. ನಾನು ಇಟ್ಟ ಜಾಕೆಟ್ಟಿನ ಅಡಿಯಲ್ಲಿ ಬರೆದಿದ್ದುದು ಅದೇ.

ಹಿಂದಿನಿಂದ ನಗು ಕೇಳಿತು. ಕೆಟ್ಟ ನಗುವಲ್ಲ. ಅಜ್ಜ "ಬೆಹೆನ್‌ಜೀ, ಆಯಿಯೇ" ಎಂದು ಕರೆದದ್ದೂ ಕೇಳಿತು. ತಿರುಗಿ ನೋಡಿದರೆ ಪೆಟ್ಟಿಗೆಯ ಸುತ್ತ ಬರೀ ತಲೆ, ಬೆನ್ನು, ಬರಿಗಾಲು. ನನ್ನ ಮುಖ ಕಾದ ಹೆಂಚಾಗಿತ್ತು. ಅಲ್ಲಿ ನನ್ನ ಹೆಸರು ಗೊತ್ತಿದ್ದವರು ಯಾರೂ ಇರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಹೋಗಿದ್ದರೆ ಸಾಕಿತ್ತು.

"ನೋಡಿದ್ಯಾ ಅಮ್ಮ?" ಅಶ್ವಿನಿ ಕೇಳಿದಳು.

"ನೋಡಿದೆ," ಎಂದೆ.

ಖಾಲಿದಿಯಾ

ಹರೀಶನ ಚಿಕ್ಕಮ್ಮ ಶಶಿಯಕ್ಕ ಕೋರಿ ರೊಟ್ಟಿ ಮಾಡಿದ್ದರು. ಸಮುದ್ರದ ಬದಿಯ ಹತ್ತನೆಯದೋ ಎಷ್ಟನೆಯದೋ ಅಂತಸ್ತಿನಲ್ಲಿ, ಗಾಜಿನ ಗೋಡೆಯ ಪಕ್ಕ ಕುಳಿತು, ನಮ್ಮ ಅಂಗಳದ ರುಚಿಯ ಸಾರು. ನಾನು ರೊಟ್ಟಿಯನ್ನು ಮುರಿದು ಮುರಿದು ಪುಡಿ ಮಾಡುತ್ತಿದ್ದೆ. ಕಾರಣ, ಎಲೆಯ ಪಕ್ಕದಲ್ಲೇ ಫೋನು ನಿಲ್ಲಿಸಿ ಅಶ್ವಿನಿ ಅಣ್ಣನನ್ನು ವೀಡಿಯೋದಲ್ಲಿ ಕರೆದಿದ್ದಳು.

ಅಣ್ಣ ಹೊಸ ಅಂಗಿ ಹಾಕಿಕೊಂಡಿದ್ದ. ಮಂಚದಲ್ಲಿ ಮಲಗಿದವನು, ಇದಕ್ಕಾಗಿ ಅಂಗಿ ಬದಲಿಸಿದ್ದ.

"ಹೇಳು."

"ಚಂದ ಉಂಟು ಅಣ್ಣ."

"ಬಣ್ಣ?"

"ಒಣಗಿದ ಬಾಳೆಸಿಪ್ಪೆಯದ್ದು." ಜೊಂಡು ಎಂದಿದ್ದರಲ್ಲ, ಊಹಿಸಿದೆ.

"ಗೆರೆ?"

"ಉಂಟು." ಬೆರಳಿನಲ್ಲಿ ಅಳತೆ ತೋರಿಸಿದೆ. ಶಶಿಯಕ್ಕ ತಾವೂ ನೋಡಿದವರಂತೆ "ಹೌದೌದು, ಅಷ್ಟೇ ಇರ್ತದೆ" ಎಂದರು.

ಅಣ್ಣ ಫೋನಿಗೆ ಇನ್ನಷ್ಟು ಹತ್ತಿರ ಬಂದ. ಪರದೆಯ ತುಂಬ ಅವನ ಒಂದು ಕಣ್ಣು. "ಮತ್ತೆ ತಪ್ಪು? ತಿದ್ದಿದ್ದಾನಾ?"

ಅವನಿಗೆ ಸಂತೋಷವಾಗಲಿ ಎಂದು ಹೇಳಿದೆ, ಆಣೆಯಾಗಿ. ಹೆಚ್ಚು ಚೆಂದ ಹೇಳಿದಷ್ಟೂ ಸುಳ್ಳು ಕಡಿಮೆ ಕಾಣುತ್ತದೆ ಎಂದೂ ಅನಿಸಿರಬಹುದು.

"ಒಂದೂ ಇಲ್ಲ ಅಣ್ಣ. ಮುತ್ತು ಪೋಣಿಸಿದ ಹಾಗೆ."

ಕಣ್ಣು ಹಿಂದೆ ಹೋಯಿತು. ಮುಖ ಕಂಡಿತು.

"ಒಂದೂ ಇಲ್ವಾ? ಅಷ್ಟು ದೊಡ್ಡ ಪುಟದಲ್ಲಿ?"

"ಒಂದೂ ಇಲ್ಲ."

"ಹಾಗಾದ್ರೆ ಅವ ನಮ್ಮ ಪೈಕಿಯವ ಅಲ್ಲ," ಎಂದು ಅಣ್ಣ ಹೇಳಿದ. ಅಂಗಿಯ ಗುಂಡಿ ಬಿಚ್ಚುತ್ತಾ, "ಆಯ್ತು. ಊಟ ಮಾಡು," ಎಂದ.

ನೈಫ್

ಮರುದಿನ ಅತ್ತಿಗೆ ಫೋನು ಮಾಡಿದರು. "ನಿನ್ನ ಅಣ್ಣನಿಗೆ ಎಂತ ಹೇಳಿದ್ದಿ ಮಾರಾಯ್ತಿ? ಗಂಜಿ ಬೇಡ ಅಂತಾರೆ. ಕಾಲು ಎತ್ತುವ ವ್ಯಾಯಾಮ ಬೇಡ ಅಂತಾರೆ. ಗೋಡೆ ನೋಡ್ಕೊಂಡು, ಅವನಿಗೆ ಒಂದೂ ತಪ್ಪು ಬೀಳ್ಲಿಲ್ಲಂತೆ, ಒಂದೂ ಬೀಳ್ಲಿಲ್ಲಂತೆ, ಅಂತ ಜಪ ಮಾಡ್ತಾರೆ." ಕಾಲು ಎತ್ತದಿದ್ದರೆ ಸೊಂಟದ ಕೀಲು ಹಾಗೆಯೇ ಬಿಗಿದು, ಮತ್ತೆ ನಡೆಯುವುದು ಕಷ್ಟ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ತಪ್ಪಿಲ್ಲದಿದ್ದರೆ ಇವನಿಗೇನು ಬೇಸರ ಎಂದು ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ನೈಫಿನಲ್ಲಿ.

ನೈಫ್ ಎಂದರೆ ಹಳೆಯ ಪೇಟೆ. ಗಲ್ಲಿಗಳು, ಗೋಣಿ, ಕೈಗಾಡಿ, ಕಿವಿಯ ಹತ್ತಿರವೇ ಬಂದು "ವಾಚು, ವಾಚು" ಎಂದು ಪಿಸುಗುಡುವವರು. ದುಬೈಯಲ್ಲಿ ನನಗೆ ಉಸಿರಾಡಲು ಬಂದ ಜಾಗ ಅದು. ಒಬ್ಬ ಮಲಯಾಳಿಯ ದಿನಸಿ ಅಂಗಡಿಗೆ ಹೋದೆವು. ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ಚೆಂಡು. ನಮ್ಮ ಶಂಕರಪುರದ್ದೇ. ದಿನಾ ವಿಮಾನದಲ್ಲಿ ಹೋಗುತ್ತದೆಂದು ಗೊತ್ತಿತ್ತು. ಅದನ್ನು ಅಲ್ಲಿ ಎದುರುಗೊಳ್ಳುವುದು ಬೇರೆ.

ಎಲೆ ಬಿಡಿಸಿ ಎಳೆಯನ್ನು ಬೆರಳಲ್ಲಿ ಸವರಿದೆ. ಒಂದು ಕಡೆ ಗಂಟು ಎರಡು ಸಲ ಬಿದ್ದಿತ್ತು. ಸ್ವಲ್ಪ ಮುಂದೆ ಮತ್ತೆ ಹಾಗೆಯೇ.

"ಲೀಲಕ್ಕ!" ಎಂದು ಕೂಗಿಬಿಟ್ಟೆ. ಲೀಲಕ್ಕ ನಮ್ಮ ಪಕ್ಕದ ಮನೆಯವಳು. ಕಟ್ಟುತ್ತಾ ಬಾಗಿಲ ಕಡೆ ನೋಡುತ್ತಾಳೆ, ಯಾರು ಬಂದರು, ಯಾರು ಹೋದರು ಎಂದು. ನೋಡಿದಾಗಲೆಲ್ಲ ಒಂದು ಗಂಟು ಎರಡಾಗುತ್ತದೆ. ಬೇರೆ ಯಾರ ಹೂವಿನಲ್ಲೂ ಆ ಗಂಟು ಸಿಗುವುದಿಲ್ಲ.

ಅಂಗಡಿಯವನು ಗಾಬರಿಯಾಗಿ, "ಎಂತಾ ಪ್ರಶ್ನಂ?" ಎಂದ, ಏನು ತೊಂದರೆ ಎಂದು.

"ಇದು ಲೀಲಕ್ಕನ ಕೈ!" ಎಂದು ಅವನಿಗೆ ತೋರಿಸಿದೆ. ನಗುತ್ತಿದ್ದೆ, ಕಣ್ಣಲ್ಲಿ ನೀರೂ ಬರುತ್ತಿತ್ತು. ಅಶ್ವಿನಿ ಚೆಂಡನ್ನು ಬುಟ್ಟಿಗೆ ಹಾಕಿ, "ಬಾ ಅಮ್ಮ, ಎಲ್ಲರೂ ನೋಡ್ತಿದ್ದಾರೆ," ಎಂದಳು.

ಕೈ ನೋಡಬೇಕು ಎಂದು ಅಣ್ಣ ಹೇಳಿದ್ದು ಇದನ್ನೇ. ತಪ್ಪೇ ಬೀಳದ ಕೈ ಯಾರದು ಎಂದು ಹೇಗೆ ಗೊತ್ತಾಗುತ್ತದೆ? ಸಾವಿರಕ್ಕೂ ಮಿಕ್ಕಿ ವರ್ಷಗಳಾಚೆ ಒಬ್ಬ ಜೊತೆಗಾರ ಸಿಕ್ಕಿದನೆಂದು ಅಂಗಿ ಬದಲಿಸಿ ಕುಳಿತಿದ್ದವನಿಂದ ನಾನು ಅವನನ್ನು ಕಸಿದುಕೊಂಡಿದ್ದೆ.

ಮತ್ತೆ ಅಲ್ ಕುಸೈಸ್

ಇನ್ನೊಮ್ಮೆ ಅಬುಧಾಬಿಗೆ ಹೋಗಬೇಕಿತ್ತು. ಯಾಕೆ ಎಂದು ಹೇಳಬಾರದಿತ್ತು. ಅಲ್ಲೇನಾದರೂ ಮರೆತು ಬಂದಿದ್ದರೆ ಹೋಗಬಹುದಲ್ಲ ಎಂದು ಹೊಳೆಯಿತು. ನನ್ನ ಕನ್ನಡಕವನ್ನು ತೆಗೆದು ಅಕ್ಕಿ ಡಬ್ಬದ ತಳದಲ್ಲಿ ಹುಗಿದೆ. "ಕನ್ನಡಕ ಅಲ್ಲೇ ಬಿಟ್ಟು ಬಂದೆ ಅಂತ ಕಾಣ್ತದೆ," ಎಂದು ಹರೀಶನಿಗೆ ಹೇಳಿದೆ.

ನನ್ನ ಅಳಿಯ ಬಹಳ ಅಚ್ಚುಕಟ್ಟಿನ ಮನುಷ್ಯ. ಕಾರು ತೆಗೆಯುವ ಬದಲು ವಸ್ತುಸಂಗ್ರಹಾಲಯಕ್ಕೆ ಬರೆದು ಕೇಳಿದ. ಇಲ್ಲ ಎನ್ನುತ್ತಾರೆ, ನನ್ನ ಕಥೆ ಖಲಾಸ್ ಎಂದುಕೊಂಡೆ. ಮರುದಿನ ಅವನು ಖುಷಿಯಿಂದ ಫೋನು ಹಿಡಿದು ಬಂದ.

"ಸಿಕ್ಕಿದೆಯಂತೆ ಅತ್ತೆ! ಫೋಟೋ ಕಳಿಸಿದ್ದಾರೆ. ಇದೇ ಅಲ್ವಾ?"

ಚಿನ್ನದ ಬಣ್ಣದ ಚೌಕಟ್ಟು, ಕತ್ತಿಗೆ ತೂಗುಹಾಕಲು ಮಣಿಗಳ ಸರ. ಯಾವುದೋ ಶ್ರೀಮಂತ ಹೆಂಗಸಿನದು. ನನ್ನದು ಕಪ್ಪು ಚೌಕಟ್ಟು, ಒಂದು ಕಡ್ಡಿಗೆ ಬಾಳೆನಾರು ಸುತ್ತಿದ್ದು. ಅಶ್ವಿನಿ ಕೆಲಸಕ್ಕೆ ಹೋಗಿದ್ದಳು, ತನ್ವಿ ಶಾಲೆಯಲ್ಲಿ. ಅತ್ತೆಯ ಕನ್ನಡಕ ಯಾವ ಬಣ್ಣ ಎಂದು ನೋಡುವ ಅಳಿಯ ಇನ್ನೂ ಹುಟ್ಟಿಲ್ಲ.

"ಅದೇ," ಎಂದೆ.

ಮತ್ತೆ ಅಬುಧಾಬಿ

ಕೌಂಟರಿನ ಹುಡುಗಿ ಕನ್ನಡಕವನ್ನು ಎರಡೂ ಕೈಯಲ್ಲಿ ಕೊಟ್ಟಳು. ನಾನು ಹಾಕಿಕೊಂಡೆ. ಹರೀಶನಿಗೆ ಎರಡು ತಲೆ ಬಂದವು, ಎರಡೂ ನಗುತ್ತಿದ್ದವು.

"ಹೇಗೂ ಬಂದಿದ್ದೇವೆ, ಇನ್ನೊಮ್ಮೆ ನೋಡ್ತೀರಾ ಅತ್ತೆ? ನಾನು ಒಂದು ಕಾಲ್ ಮುಗಿಸಿ ಬರ್ತೇನೆ."

ಅದೇ ಅರೆಗತ್ತಲ ಕೋಣೆ. ಅದೇ ಎತ್ತರದ ಹುಡುಗಿ. ನನ್ನನ್ನು ಕಂಡವಳೇ ಹಲ್ಲೆಲ್ಲ ತೋರಿಸಿ ನಕ್ಕು, ನನ್ನ ಕಾಲಿನ ಕಡೆ ಬೆರಳು ಮಾಡಿ, "ಮಾಮಾ, ಶೂಸ್ ಸ್ಟೇ ಆನ್" ಎಂದಳು. ಪೆಟ್ಟಿಗೆಯ ಪಕ್ಕ ಒಂದು ಹೊಸ ಬೋರ್ಡು ಬಂದಿತ್ತು. ಅಕ್ಷರವಿಲ್ಲ, ಬರೀ ಚಿತ್ರ. ಬಟ್ಟೆ ಎತ್ತುವ ಒಂದು ಕೈ. ಅದರ ಕೆಳಗೆ ಒಂದು ಜೊತೆ ಚಪ್ಪಲಿ, ಅದರ ಮೇಲೆ ಅಡ್ಡಗೆರೆ. ಯಾರನ್ನು ನೆನೆದು ಬರೆಸಿದ್ದೆಂದು ಕೇಳಬೇಕಾಗಿರಲಿಲ್ಲ.

ಚಪ್ಪಲಿ ಹಾಕಿಕೊಂಡೇ ಹತ್ತಿರ ಹೋದೆ. ಒಳಗಿನಿಂದ ಯಾರೂ ಬರುವುದಿಲ್ಲ ಎಂದು ಈಗ ಗೊತ್ತಿತ್ತು. ಆದರೂ ಕೈ ಒಮ್ಮೆ ಹಿಂದೆ ಬಂತು. ಬಟ್ಟೆ ಎಣಿಸಿದ್ದಕ್ಕಿಂತ ಭಾರವಿತ್ತು. ಎತ್ತಿದೆ.

ಅಂಗೈಯಗಲದ ಹರಿದ ಹಾಳೆ. ಅಂಚು ಗೆದ್ದಲು ತಿಂದ ಹಾಗೆ. ಬಣ್ಣ ಒಣಗಿದ ಬಾಳೆಸಿಪ್ಪೆಯದ್ದೇ. ನನ್ನ ಸುಳ್ಳಿನಲ್ಲಿ ಅದೊಂದು ನಿಜವಾಗಿತ್ತು. ಅದರ ಮೇಲೆ ಅಕ್ಷರ ಇರಬೇಕು. ನನಗೆ ಕಂಡದ್ದು ನೀರಿನಲ್ಲಿ ಈಜುವ ಇರುವೆಗಳು. ಪ್ರತಿ ಸಾಲಿನ ಮೇಲೆ ಅದರದೇ ನೆರಳಿನ ಇನ್ನೊಂದು ಸಾಲು. ದೇವರ ಹೆಸರಿನ ಮೇಲಿನ ಗೆರೆ ಎಲ್ಲಿ ಎಂದು ಹುಡುಕಿದರೆ, ಆ ಕನ್ನಡಕದಲ್ಲಿ ಎಲ್ಲ ಹೆಸರಿನ ಮೇಲೂ ಗೆರೆ. ಕನ್ನಡಕ ತೆಗೆದೆ, ಮಂಜು. ಮೂಗಿನ ತುದಿಗೆ ಜಾರಿಸಿದೆ, ಇರುವೆಗಳು ಒಂದಿಷ್ಟು ನಿಂತವು. ಎರಡು ಸಾಲಿನ ನಡುವೆ, ಒಂದು ಕಡೆ, ಸಣ್ಣದಾಗಿ ಏನೋ ಕಪ್ಪಗೆ ಇತ್ತು. ಬಿಟ್ಟುಹೋದ ಅಕ್ಷರವನ್ನು ಆಮೇಲೆ ತುರುಕಿದ್ದೋ? ಹುಳು ಕೊರೆದದ್ದೋ? ಪೆಟ್ಟಿಗೆಯ ಗಾಜನ್ನು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಗಾಜಿನ ಮೇಲಿನ ಗೀರಾದರೆ ಒರೆಸಿದರೆ ಹೋಗುತ್ತದೆಯೇ?

ನನ್ನ ಕನ್ನಡಕ ಅಕ್ಕಿ ಡಬ್ಬದಲ್ಲಿ ಇತ್ತು. ನಾನೇ ಇಟ್ಟದ್ದು.

ಬಟ್ಟೆ ಮುಚ್ಚಿದೆ. ಕೌಂಟರಿಗೆ ಹೋಗಿ, ಮಣಿಯ ಸರದ ಕನ್ನಡಕವನ್ನು ಕತ್ತಿನಿಂದ ತೆಗೆದು, "ನಾಟ್ ಮೈನ್" ಎಂದೆ. ಹರೀಶ ಫೋನು ಕಿವಿಯಿಂದ ಇಳಿಸಿದ.

"ಮತ್ತೆ ನಿಮ್ಮದೆಲ್ಲಿ ಅತ್ತೆ?"

"ಅಕ್ಕಿ ಡಬ್ಬದಲ್ಲಿ."

ಅಲ್ಲೇ ಒಂದು ಬೆಂಚಿನಲ್ಲಿ ಕುಳಿತು ಎಲ್ಲ ಹೇಳಿದೆ. ಅವನಿಗೆ ನಗು ಬರುತ್ತಿತ್ತು, ಅತ್ತೆಯೆಂದು ತಡೆಹಿಡಿದಿದ್ದ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಅಷ್ಟೇ ತಾನೇ? ಬನ್ನಿ, ನಾನು ನೋಡಿ ಹೇಳ್ತೇನೆ. ಗೆರೆ, ತಿದ್ದಿದ್ದು, ಎಲ್ಲ. ಮಾಮನಿಗೆ ಹಾಗೇ ಹೇಳಿ, ಮುಗೀತು," ಎಂದ.

"ಬೇಡ. ಮೊದಲು ಅಣ್ಣನಿಗೆ ಫೋನು ಹಚ್ಚಿ."

ನಮ್ಮ ಮನೆಯಲ್ಲಿ ತಪ್ಪಾಂಡ್, ಅಂದರೆ ತಪ್ಪಾಯಿತು, ಎಂದು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ತಪ್ಪು ಮಾಡಿದವರು ಮರುದಿನ ಎದುರಿನವರ ಬಟ್ಟಲಿಗೆ ಬಂಗುಡೆಯ ದೊಡ್ಡ ತುಂಡು ಹಾಕುತ್ತಾರೆ, ಅವರು ತಿನ್ನುತ್ತಾರೆ, ಅಲ್ಲಿಗೆ ಆಯಿತು. ಚಿಕ್ಕಂದಿನಿಂದ ನಾನೂ ಅಣ್ಣನೂ ಹೀಗೆ ಎಷ್ಟು ಬಂಗುಡೆ ದಾಟಿಸಿದ್ದೇವೋ. ಫೋನಿನಲ್ಲಿ ಮೀನು ಬಡಿಸಲು ಬರುವುದಿಲ್ಲ.

ಅಣ್ಣ ಹಳೆಯ ಬನಿಯನಿನಲ್ಲಿದ್ದ. ಗಡ್ಡ ಬೆಳೆದಿತ್ತು. ನಾನು ಎಲ್ಲಿ ಕುಳಿತಿದ್ದೇನೆಂದು ಹರೀಶ ಹೇಳಿದ ಕೂಡಲೇ ಕತ್ತು ಎತ್ತಿದ.

"ಪುನಾ ಹೋದ್ಯಾ? ಯಾಕೆ? ಎಂತಾದ್ರೂ ಕಂಡಿತಾ?"

ಕಣ್ಣು ಮತ್ತೆ ಪರದೆಯ ಹತ್ತಿರ ಬಂತು. ಆ ಕಪ್ಪು ಚುಕ್ಕೆ ನನ್ನ ನಾಲಿಗೆಯ ತುದಿಯಲ್ಲಿತ್ತು. ತಿದ್ದಿದ್ದಾನೆ ಅಣ್ಣ, ಅವನೂ ತಪ್ಪಿದ್ದಾನೆ ಎಂದುಬಿಟ್ಟರೆ ಅವನು ಆಗಲೇ ಗಂಜಿ ಕೇಳುತ್ತಿದ್ದ, ಕಾಲು ಎತ್ತುತ್ತಿದ್ದ. ಅದು ನಿಜವೂ ಇರಬಹುದಿತ್ತು.

ಸುತ್ತ ಜನ ಓಡಾಡುತ್ತಿದ್ದರು. ಯಾರಿಗೆ ಕೇಳಿದರೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ಅಣ್ಣಾ, ಆ ದಿನ ನಾನು ಬಟ್ಟೆ ಎತ್ತಲೇ ಇಲ್ಲ. ಯಾರಾದ್ರೂ ಬಂದು ತೆಗೀತಾರೆ ಅಂತ ಕಾದೆ. ಎಲ್ಲರೂ ನಗಾಡಿದ್ರು, ನಾಚಿಕೆಯಾಯ್ತು, ನೋಡಿದೆ ಅಂತ ನಿನಗೆ ಸುಳ್ಳು ಹೇಳಿದೆ. ಇವತ್ತು ಎತ್ತಿದೆ, ಆದ್ರೆ ಯಾರದ್ದೋ ಕನ್ನಡಕದಲ್ಲಿ. ಗೆರೆ ಉಂಟಾ, ನನಗೆ ಗೊತ್ತಿಲ್ಲ. ಅವ ತಿದ್ದಿದ್ದಾನಾ, ಅದೂ ಗೊತ್ತಿಲ್ಲ. ಒಂದೂ ಇಲ್ಲ ಅಂತ ಹೇಳಿದವಳು ನಾನು, ಆ ಹಾಳೆ ಅಲ್ಲ. ನೀನು ನನ್ನ ಕಣ್ಣು ನಂಬಿ ಕಳಿಸಿದ್ದಿ. ತಪ್ಪಾಂಡ್, ಅಣ್ಣಾ. ಎನ್ನ ತಪ್ಪಾಂಡ್."